ಖಿನ್ನತೆಗೆ ಎರಡು ಬಗೆಯ ಮಾತ್ರೆ: ಹಳೆಯದು ಯಾರಿಗೆ, ಹೊಸದು ಯಾರಿಗೆ?

ಬೆಂಗಳೂರು: ಖಿನ್ನತೆಯ ಚಿಕಿತ್ಸೆಗೆಂದು ಮನೋವೈದ್ಯರನ್ನು ಕಂಡ ಇಬ್ಬರಿಗೆ ಎರಡು ಬೇರೆ ಬೇರೆ ಮಾತ್ರೆಗಳು ದೊರೆಯುವುದು ಅಪರೂಪವೇನಲ್ಲ. ಒಬ್ಬರ ಔಷಧ ಚೀಟಿಯಲ್ಲಿ ಎಸ್ಸಿಟಲೋಪ್ರಾಮ್ ಎಂದಿದ್ದರೆ ಮತ್ತೊಬ್ಬರದರಲ್ಲಿ ಅಮಿಟ್ರಿಪ್ಟಿಲಿನ್ ಎಂದಿರುತ್ತದೆ. ಒಂದನ್ನು ಬೆಳಗಿನ ತಿಂಡಿಯ ನಂತರ, ಇನ್ನೊಂದನ್ನು ರಾತ್ರಿ ಮಲಗುವ ಮುನ್ನ ನುಂಗಬೇಕೆಂಬ ಸೂಚನೆಯೂ ಇರುತ್ತದೆ. ಕಾಯಿಲೆಯ ಹೆಸರು ಒಂದೇ ಆಗಿರುವಾಗ ಔಷಧವೇಕೆ ಬೇರೆ? ಒಂದು ಹಳೆಯದು, ಇನ್ನೊಂದು ಹೊಸದು ಎಂದ ಮಾತ್ರಕ್ಕೆ ಹೊಸದೇ ಶ್ರೇಷ್ಠವೇ?

ಈ ಪ್ರಶ್ನೆಗಳಿಗೆ ಉತ್ತರ ದೊರೆಯದಿದ್ದರೆ ಆಗುವ ಹಾನಿ ಸಣ್ಣದಲ್ಲ. ಹೊಟ್ಟೆ ತೊಳಸಿತೆಂದೋ, ಬಾಯಿ ಒಣಗಿತೆಂದೋ ಎರಡನೆಯ ವಾರದಲ್ಲೇ ಮಾತ್ರೆ ನಿಲ್ಲಿಸುವವರಿದ್ದಾರೆ. ನೆರೆಮನೆಯವರಿಗೆ ಗುಣ ಕೊಟ್ಟ ಮಾತ್ರೆಯನ್ನೇ ತಾವೂ ಕೇಳಿ ಪಡೆಯುವವರಿದ್ದಾರೆ. ಹಿಂದೊಮ್ಮೆ ತಂದು ಉಳಿದಿದ್ದ ಸ್ಟ್ರಿಪ್ಪನ್ನು ಹೊಸ ಮಾತ್ರೆಯ ಜೊತೆಗೇ ನುಂಗುವವರೂ ಇಲ್ಲದಿಲ್ಲ. ಈ ಮೂರೂ ಅಪಾಯಕ್ಕೆ ಎಡೆಮಾಡಿಕೊಡಬಲ್ಲವು.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಭಾರತದ ವಯಸ್ಕರಲ್ಲಿ ಸುಮಾರು 20 ಮಂದಿಗೆ ಒಬ್ಬರು ಬದುಕಿನ ಒಂದಲ್ಲ ಒಂದು ಹಂತದಲ್ಲಿ ಖಿನ್ನತೆಗೆ ಒಳಗಾಗುತ್ತಾರೆ. ಚಿಕಿತ್ಸೆಯ ಅಗತ್ಯವಿದ್ದೂ ಪಡೆಯದವರ ಪ್ರಮಾಣ ಶೇ 85ರಷ್ಟಿದೆ ಎಂದೂ ಅದೇ ಸಮೀಕ್ಷೆ ಹೇಳಿತು. ಹೀಗಿರುವಾಗ, ಹಿಂಜರಿಕೆ ಮೀರಿ ಆಸ್ಪತ್ರೆಯ ಮೆಟ್ಟಿಲು ಹತ್ತಿದವರೂ ತಿಳಿವಳಿಕೆಯ ಕೊರತೆಯಿಂದ ಹಿಂದೆ ಸರಿಯುವಂತಾಗಬಾರದು.

ಎರಡು ಕುಟುಂಬಗಳು

ಖಿನ್ನತೆ ನಿವಾರಕ ಔಷಧಗಳಲ್ಲಿ ಹಲವು ವರ್ಗಗಳಿವೆ. ಅವುಗಳಲ್ಲಿ ಹೆಚ್ಚು ಪರಿಚಿತವಾದವು ಎರಡು. ಮೊದಲನೆಯದು ಟ್ರೈಸೈಕ್ಲಿಕ್ ವರ್ಗ. ಈ ಔಷಧಗಳ ರಾಸಾಯನಿಕ ರಚನೆಯಲ್ಲಿ ಒಂದಕ್ಕೊಂದು ಬೆಸೆದುಕೊಂಡ ಮೂರು ಉಂಗುರಗಳಿರುವುದರಿಂದ ಈ ಹೆಸರು ಬಂದಿದೆ. ಇಮಿಪ್ರಮಿನ್, ಅಮಿಟ್ರಿಪ್ಟಿಲಿನ್, ನಾರ್‌ಟ್ರಿಪ್ಟಿಲಿನ್, ಕ್ಲೋಮಿಪ್ರಮಿನ್ ಮತ್ತು ಡೊಥಿಯೆಪಿನ್ ಈ ಕುಟುಂಬಕ್ಕೆ ಸೇರಿದವು.

ಎರಡನೆಯದು ಎಸ್‌ಎಸ್‌ಆರ್‌ಐ ವರ್ಗ. ಮಿದುಳಿನಲ್ಲಿ ಸಿರೊಟೋನಿನ್ ಎಂಬ ರಾಸಾಯನಿಕವು ಜೀವಕೋಶಕ್ಕೆ ಮರಳಿ ಸೇರುವುದನ್ನು ಆಯ್ದು ತಡೆಯುವ ಔಷಧಗಳು ಎಂಬುದು ಈ ಸಂಕ್ಷಿಪ್ತ ಹೆಸರಿನ ಅರ್ಥ. ಫ್ಲುಯಾಕ್ಸೆಟಿನ್, ಸರ್ಟ್ರಾಲಿನ್, ಪ್ಯಾರಾಕ್ಸೆಟಿನ್, ಫ್ಲುವೊಕ್ಸಮಿನ್, ಸಿಟಲೋಪ್ರಾಮ್ ಹಾಗೂ ಎಸ್ಸಿಟಲೋಪ್ರಾಮ್ ಈ ಗುಂಪಿನವು. ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರು ದಪ್ಪಕ್ಷರಗಳಲ್ಲಿದ್ದು, ಔಷಧದ ಮೂಲ ಹೆಸರು ಅದರ ಕೆಳಗೆ ಚಿಕ್ಕ ಅಕ್ಷರಗಳಲ್ಲಿರುವುದೇ ಹೆಚ್ಚು. ತಾವು ಸೇವಿಸುತ್ತಿರುವುದು ಯಾವ ವರ್ಗದ್ದೆಂದು ತಿಳಿಯಲು ನೋಡಬೇಕಾದುದು ಆ ಚಿಕ್ಕ ಅಕ್ಷರಗಳನ್ನೇ.

ಆಕಸ್ಮಿಕವಾಗಿ ದೊರೆತ ಮೊದಲ ಔಷಧ

ಟ್ರೈಸೈಕ್ಲಿಕ್ ಔಷಧಗಳ ಕಥೆ ಆರಂಭವಾಗುವುದು ಸ್ವಿಟ್ಜರ್ಲೆಂಡಿನಲ್ಲಿ. ಬಾಸೆಲ್ ನಗರದ ಗೀಗಿ ಕಂಪನಿಯು ಅಲರ್ಜಿ ನಿವಾರಕಗಳನ್ನು ಹೋಲುವ ಸಂಯುಕ್ತವೊಂದನ್ನು ತಯಾರಿಸಿ, ಸ್ಕಿಜೋಫ್ರೇನಿಯಾ ರೋಗಿಗಳಿಗೆ ನೆರವಾದೀತೇ ಎಂದು ಪರೀಕ್ಷಿಸಲು ಮ್ಯುನ್‌ಸ್ಟರ್‌ಲಿಂಗನ್ ಎಂಬ ಊರಿನ ಮಾನಸಿಕ ಆಸ್ಪತ್ರೆಯ ವೈದ್ಯ ರೋಲ್ಯಾಂಡ್ ಕುನ್ ಅವರಿಗೆ ನೀಡಿತು. ಆ ರೋಗಿಗಳಲ್ಲಿ ಅದು ಫಲ ಕೊಡಲಿಲ್ಲ. ಆದರೆ ತೀವ್ರ ಖಿನ್ನತೆಯಿಂದ ಬಳಲುತ್ತಿದ್ದವರಿಗೆ 1956ರಲ್ಲಿ ಅದನ್ನೇ ಕೊಟ್ಟಾಗ ಹಲವರು ಚೇತರಿಸಿಕೊಂಡರು. ಕುನ್ ಈ ಸಂಗತಿಯನ್ನು 1957ರಲ್ಲಿ ಪ್ರಕಟಿಸಿದರು. ಮರುವರ್ಷ ಅದು ಟೋಫ್ರಾನಿಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಅದೇ ಇಮಿಪ್ರಮಿನ್. 1961ರಲ್ಲಿ ಅಮೆರಿಕದಲ್ಲಿ ಅಮಿಟ್ರಿಪ್ಟಿಲಿನ್‌ಗೆ ಅನುಮತಿ ದೊರೆಯಿತು.

ಈ ಸಾಧನೆಗೆ ಇನ್ನೊಂದು ಮುಖವೂ ಇದೆ. ಅದೇ ಆಸ್ಪತ್ರೆಯಲ್ಲಿ ದಶಕಗಳ ಕಾಲ ಅನೇಕ ರೋಗಿಗಳ ಮೇಲೆ, ಅವರಿಗೆ ಸರಿಯಾಗಿ ತಿಳಿಸದೆ ಔಷಧ ಪ್ರಯೋಗಗಳು ನಡೆದಿದ್ದವೆಂದು ಅಲ್ಲಿನ ಪ್ರಾಂತೀಯ ಸರ್ಕಾರ ನೇಮಿಸಿದ್ದ ಇತಿಹಾಸಕಾರರ ತಂಡವು 2019ರಲ್ಲಿ ವರದಿ ನೀಡಿತು.

ಎಸ್‌ಎಸ್‌ಆರ್‌ಐ ಔಷಧಗಳು ಮಾತ್ರ ಆಕಸ್ಮಿಕವಾಗಿ ದೊರೆತವಲ್ಲ. ಇಂಥದ್ದೇ ಕೆಲಸ ಮಾಡುವ ಔಷಧ ಬೇಕೆಂದು ಹುಡುಕಿ ಕಂಡುಕೊಂಡವು ಇವು. ಸ್ವೀಡನ್ನಿನ ವಿಜ್ಞಾನಿ ಆರ್ವಿಡ್ ಕಾರ್ಲ್‌ಸನ್ ಅವರ ಸಂಶೋಧನೆಯ ಫಲವಾಗಿ ರೂಪುಗೊಂಡ ಜಿಮೆಲಿಡಿನ್ 1982ರಲ್ಲಿ ಮಾರುಕಟ್ಟೆ ಪ್ರವೇಶಿಸಿತಾದರೂ, ನರಗಳನ್ನು ಬಾಧಿಸುವ ಗಂಭೀರ ಅಡ್ಡಪರಿಣಾಮದ ಕಾರಣ ಮರುವರ್ಷವೇ ಅದನ್ನು ಹಿಂಪಡೆಯಬೇಕಾಯಿತು. ಅಮೆರಿಕದ ಎಲೈ ಲಿಲ್ಲಿ ಕಂಪನಿಯ ವಿಜ್ಞಾನಿಗಳು 1970ರ ದಶಕದಲ್ಲಿ ಸಿದ್ಧಪಡಿಸಿದ್ದ ಫ್ಲುಯಾಕ್ಸೆಟಿನ್‌ಗೆ 1987ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಡಿಎ ಒಪ್ಪಿಗೆ ನೀಡಿತು. ಪ್ರೋಜ್ಯಾಕ್ ಎಂಬ ಹೆಸರಿನಲ್ಲಿ ಅದು ಮನೆಮಾತಾಯಿತು.

ಈ ಚರಿತ್ರೆಯಲ್ಲಿ ಭಾರತದ ಪಾತ್ರವೂ ಇದೆ. 1970ರ ಪೇಟೆಂಟ್ ಕಾಯ್ದೆಯು ಔಷಧ ತಯಾರಿಸುವ ವಿಧಾನಕ್ಕೆ ಪೇಟೆಂಟ್ ನೀಡುತ್ತಿತ್ತೇ ಹೊರತು ಔಷಧಕ್ಕೆ ನೀಡುತ್ತಿರಲಿಲ್ಲ. 2005ರ ತಿದ್ದುಪಡಿಯವರೆಗೂ ಇದೇ ವ್ಯವಸ್ಥೆ ಇದ್ದುದರಿಂದ ವಿದೇಶಿ ಔಷಧಗಳನ್ನು ಬೇರೆ ವಿಧಾನದಲ್ಲಿ ತಯಾರಿಸಿ ಅಗ್ಗದ ದರಕ್ಕೆ ಮಾರಲು ಇಲ್ಲಿನ ಕಂಪನಿಗಳಿಗೆ ಸಾಧ್ಯವಾಯಿತು. 2001ರ ಆಗಸ್ಟ್‌ನಲ್ಲಿ ಅಮೆರಿಕದಲ್ಲಿ ಫ್ಲುಯಾಕ್ಸೆಟಿನ್‌ನ ಪೇಟೆಂಟ್ ರಕ್ಷಣೆ ಮುಗಿದಾಗ, 40 ಮಿಲಿಗ್ರಾಂ ಕ್ಯಾಪ್ಸೂಲನ್ನು 180 ದಿನಗಳ ಕಾಲ ಅಲ್ಲಿ ಜನರಿಕ್ ರೂಪದಲ್ಲಿ ಮಾರುವ ವಿಶೇಷ ಹಕ್ಕು ಪಡೆದದ್ದು ಹೈದರಾಬಾದಿನ ಡಾ. ರೆಡ್ಡೀಸ್ ಸಂಸ್ಥೆ.

ಮಿದುಳಿನಲ್ಲಿ ನಡೆಯುವುದೇನು?

ಮಿದುಳಿನ ಒಂದು ನರಕೋಶ ಮತ್ತೊಂದಕ್ಕೆ ಸುದ್ದಿ ಮುಟ್ಟಿಸುವುದು ರಾಸಾಯನಿಕಗಳ ಮೂಲಕ. ಸಿರೊಟೋನಿನ್ ಮತ್ತು ನಾರ್‌ಅಡ್ರಿನಾಲಿನ್ ಅಂತಹ ಎರಡು ವಾಹಕಗಳು. ಎರಡು ಕೋಶಗಳ ನಡುವಿನ ಕಿರಿದಾದ ಸಂದಿಗೆ ಬಿಡುಗಡೆಯಾಗುವ ಈ ರಾಸಾಯನಿಕವು ತನ್ನ ಕೆಲಸ ಮುಗಿಸಿದೊಡನೆ ಹೊರಟ ಕೋಶಕ್ಕೇ ಮರಳಿ ಹೀರಲ್ಪಡುತ್ತದೆ. ಕಾಲುವೆಗೆ ಹರಿಸಿದ ನೀರು ಹೊಲದಲ್ಲಿ ನಿಲ್ಲುವ ಮೊದಲೇ ಪಂಪ್‌ಸೆಟ್ಟೊಂದು ಅದನ್ನು ಮತ್ತೆ ಬಾವಿಗೆ ಎಳೆದುಕೊಂಡಂತೆ ಎಂದು ಇದನ್ನು ಊಹಿಸಿಕೊಳ್ಳಬಹುದು. ಎರಡೂ ವರ್ಗದ ಔಷಧಗಳು ಮಾಡುವ ಮುಖ್ಯ ಕೆಲಸವೆಂದರೆ ಆ ಪಂಪಿನ ವೇಗವನ್ನು ತಗ್ಗಿಸುವುದು.

ವ್ಯತ್ಯಾಸವಿರುವುದು ಇಲ್ಲಿಂದ ಮುಂದೆ. ಎಸ್‌ಎಸ್‌ಆರ್‌ಐ ಔಷಧಗಳು ಬಹುಮಟ್ಟಿಗೆ ಸಿರೊಟೋನಿನ್‌ನ ಪಂಪನ್ನು ಮಾತ್ರ ತಡೆಯುತ್ತವೆ. ಟ್ರೈಸೈಕ್ಲಿಕ್ ಔಷಧಗಳು ಸಿರೊಟೋನಿನ್ ಮತ್ತು ನಾರ್‌ಅಡ್ರಿನಾಲಿನ್ ಎರಡರ ಮೇಲೂ ಕೆಲಸ ಮಾಡುತ್ತವೆ. ಅಷ್ಟಕ್ಕೇ ನಿಲ್ಲದೆ, ಚಿಕಿತ್ಸೆಗೆ ಸಂಬಂಧವಿಲ್ಲದ ಬೇರೆ ದ್ವಾರಗಳನ್ನೂ ಮುಚ್ಚುತ್ತವೆ. ಹಿಸ್ಟಮಿನ್‌ನ ದ್ವಾರ ಮುಚ್ಚಿದಾಗ ನಿದ್ರೆ ಬರುತ್ತದೆ, ತೂಕ ಹೆಚ್ಚುತ್ತದೆ. ಅಸಿಟೈಲ್‌ಕೋಲಿನ್‌ನ ದ್ವಾರ ಮುಚ್ಚಿದಾಗ ಬಾಯಿ ಒಣಗುತ್ತದೆ, ಮಲಬದ್ಧತೆಯಾಗುತ್ತದೆ, ದೃಷ್ಟಿ ಮಬ್ಬಾಗುತ್ತದೆ. ರಕ್ತನಾಳಗಳನ್ನು ಬಿಗಿಯಾಗಿಡುವ ದ್ವಾರ ಮುಚ್ಚಿದಾಗ, ಮಲಗಿದವರು ಥಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ತಲೆ ತಿರುಗುತ್ತದೆ. ಹೃದಯದ ಸ್ನಾಯುವಿನಲ್ಲಿ ಸೋಡಿಯಂ ಹರಿಯುವ ಮಾರ್ಗಕ್ಕೆ ಅಡ್ಡಿಯಾದಾಗ ಹೃದಯ ಬಡಿತದ ಲಯ ತಪ್ಪುವ ಸಂಭವವಿದೆ.

ಆದಾಗ್ಯೂ, ಸಿರೊಟೋನಿನ್ ಕೊರತೆಯೇ ಖಿನ್ನತೆಗೆ ಕಾರಣ ಎಂಬ ಸರಳ ವಿವರಣೆಯನ್ನು ವಿಜ್ಞಾನಿಗಳು ಇಂದು ಒಪ್ಪುವುದಿಲ್ಲ. ಈ ವಾದಕ್ಕೆ ಗಟ್ಟಿ ಪುರಾವೆ ಇಲ್ಲವೆಂದು 2022ರಲ್ಲಿ ಬ್ರಿಟನ್ನಿನ ಸಂಶೋಧಕರ ತಂಡವೊಂದು ಪ್ರಕಟಿಸಿದ ಸಮಗ್ರ ವಿಮರ್ಶೆ ಹೇಳಿತು. ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಸಿರೊಟೋನಿನ್ ಪ್ರಮಾಣದಲ್ಲಿ ವ್ಯತ್ಯಾಸವಾದರೂ ಮನಸ್ಸು ತಿಳಿಯಾಗಲು ವಾರಗಳು ಹಿಡಿಯುವುದೇ, ವಿಷಯ ಅಷ್ಟು ಸರಳವಲ್ಲ ಎಂಬುದಕ್ಕೆ ಸಾಕ್ಷಿ. ಆದರೆ ಔಷಧ ಹೇಗೆ ಕೆಲಸ ಮಾಡುತ್ತದೆಂಬುದು ಪೂರ್ತಿ ತಿಳಿದಿಲ್ಲವೆಂದ ಮಾತ್ರಕ್ಕೆ ಅದು ಕೆಲಸವನ್ನೇ ಮಾಡುವುದಿಲ್ಲವೆಂದು ತೀರ್ಮಾನಿಸಲಾಗದು. ಅದನ್ನು ನಿರ್ಧರಿಸಬೇಕಾದುದು ರೋಗಿಗಳ ಮೇಲೆ ನಡೆದ ಪರೀಕ್ಷೆಗಳ ಫಲಿತಾಂಶ.

ಗುಣದಲ್ಲಿ ಯಾವುದು ಮೇಲು?

2018ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಆಕ್ಸ್‌ಫರ್ಡ್ ನೇತೃತ್ವದ ಅಧ್ಯಯನವು ಈ ವಿಷಯದಲ್ಲಿ ನಡೆದ ಅತಿ ದೊಡ್ಡ ತುಲನೆಗಳಲ್ಲೊಂದು. 21 ಔಷಧಗಳ ಕುರಿತ 522 ಪರೀಕ್ಷೆಗಳನ್ನು, 1,16,477 ರೋಗಿಗಳ ಮಾಹಿತಿಯನ್ನು ಅದು ಒಟ್ಟುಗೂಡಿಸಿ ನೋಡಿತು. ಎಲ್ಲ 21 ಔಷಧಗಳೂ ಔಷಧವಿಲ್ಲದ ಹುಸಿ ಮಾತ್ರೆಗಿಂತ ಉತ್ತಮವೆಂದು ಕಂಡುಬಂದವು. ಕುತೂಹಲದ ಸಂಗತಿಯೆಂದರೆ, ಗುಣದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು 1961ರ ಅಮಿಟ್ರಿಪ್ಟಿಲಿನ್! ಆದರೆ ಅಡ್ಡಪರಿಣಾಮ ತಾಳಲಾರದೆ ಚಿಕಿತ್ಸೆ ಬಿಟ್ಟವರು ಹೆಚ್ಚಿದ್ದ ಔಷಧಗಳ ಸಾಲಿನಲ್ಲಿಯೂ ಅದರ ಹೆಸರಿತ್ತು. ಎಸ್ಸಿಟಲೋಪ್ರಾಮ್, ಸರ್ಟ್ರಾಲಿನ್, ಫ್ಲುಯಾಕ್ಸೆಟಿನ್ ಮುಂತಾದವನ್ನು ರೋಗಿಗಳು ಹೆಚ್ಚು ಸಹಿಸಿಕೊಂಡಿದ್ದರು.

ಈ ಅಂಕಿಅಂಶಗಳನ್ನು ಓದುವಾಗ ಎರಡು ಎಚ್ಚರಿಕೆಗಳು ಅಗತ್ಯ. ಮೊದಲನೆಯದಾಗಿ, ಇವು ಸುಮಾರು ಎಂಟು ವಾರಗಳ ಅಲ್ಪಾವಧಿಯ ಫಲಿತಾಂಶಗಳು ಮತ್ತು ಪರೀಕ್ಷೆಗಳ ಪೈಕಿ ಬಹುಪಾಲಿಗೆ ಔಷಧ ಕಂಪನಿಗಳೇ ಹಣ ಒದಗಿಸಿದ್ದವು. ಎರಡನೆಯದಾಗಿ, ಔಷಧಗಳ ನಡುವಿನ ಅಂತರವಾಗಲಿ, ಹುಸಿ ಮಾತ್ರೆಗಿಂತ ಔಷಧಕ್ಕಿರುವ ಹೆಚ್ಚುಗಾರಿಕೆಯಾಗಲಿ ಸರಾಸರಿಯಲ್ಲಿ ಬಹಳ ದೊಡ್ಡದೇನಲ್ಲ. ಸೌಮ್ಯ ಸ್ವರೂಪದ ಖಿನ್ನತೆಯಲ್ಲಿ ಈ ಲಾಭ ಇನ್ನೂ ಕಡಿಮೆ. ಆದ್ದರಿಂದಲೇ ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ, ತೀವ್ರವಲ್ಲದ ಖಿನ್ನತೆಗೆ ಮಾತ್ರೆಯನ್ನೇ ಮೊದಲ ಚಿಕಿತ್ಸೆಯಾಗಿ ವಾಡಿಕೆಯಂತೆ ನೀಡಬಾರದು. ರೋಗಿ ತಾನಾಗಿ ಬಯಸಿದರೆ ಮಾತ್ರ ನೀಡಬಹುದು ಎಂದು ಸೂಚಿಸಿತು. ಅಂಥವರಿಗೆ ಆಪ್ತಸಮಾಲೋಚನೆ, ಮನೋಚಿಕಿತ್ಸೆ, ವ್ಯಾಯಾಮ ಮೊದಲಾದವು ಮುಂಚೂಣಿಯಲ್ಲಿರುತ್ತವೆ.

ಇದಕ್ಕೆ ವ್ಯತಿರಿಕ್ತವಾಗಿ, ಊಟ ನಿದ್ರೆ ಬಿಟ್ಟು ಆಸ್ಪತ್ರೆಗೆ ದಾಖಲಾಗಬೇಕಾದಷ್ಟು ತೀವ್ರವಾದ ಖಿನ್ನತೆಯಲ್ಲಿ ಟ್ರೈಸೈಕ್ಲಿಕ್ ಔಷಧಗಳು ತುಸು ಹೆಚ್ಚು ಪರಿಣಾಮಕಾರಿ ಎಂಬ ಅಭಿಪ್ರಾಯವಿದೆ. ಹೊಸ ಔಷಧಗಳು ಫಲಿಸದಾಗ ಅನುಭವಿ ಮನೋವೈದ್ಯರು ಹಳೆಯದರತ್ತ ತಿರುಗುವುದು ಈ ಕಾರಣದಿಂದ.

ಹಾಗಾದರೆ ಹೊಸದು ಗೆದ್ದದ್ದೇಕೆ?

ಹೊಸ ನೀರು ಬಂದು ಹಳೆಯ ನೀರು ಕೊಚ್ಚಿಕೊಂಡು ಹೋಯಿತೆಂಬ ಮಾತು ಇಲ್ಲಿಗೆ ಪೂರ್ತಿ ಒಪ್ಪುವುದಿಲ್ಲ. ಎಸ್‌ಎಸ್‌ಆರ್‌ಐ ಮೇಲುಗೈ ಸಾಧಿಸಿದ್ದು ಗುಣದಿಂದಲ್ಲ, ಸುರಕ್ಷತೆಯಿಂದ. ಖಿನ್ನತೆಯ ರೋಗಿಗೆ ಔಷಧ ನೀಡುವ ವೈದ್ಯರು ಯಾವಾಗಲೂ ನೆನಪಿನಲ್ಲಿಡಬೇಕಾದ ಸಂಗತಿಯೊಂದಿದೆ. ಅದೇನೆಂದರೆ, ಬದುಕಿನ ಮೇಲೆ ಜಿಗುಪ್ಸೆ ತಾಳಿದ ವ್ಯಕ್ತಿಯ ಕೈಗೇ ಆ ಔಷಧ ಸೇರುತ್ತದೆ. ಟ್ರೈಸೈಕ್ಲಿಕ್ ಔಷಧಗಳ ಪ್ರಮಾಣ ಮಿತಿ ಮೀರಿದರೆ ಹೃದಯದ ಲಯ ಕೆಡುತ್ತದೆ, ಅಪಸ್ಮಾರ ಕಾಣಿಸಿಕೊಳ್ಳುತ್ತದೆ, ಪ್ರಾಣಕ್ಕೇ ಸಂಚಕಾರ ಬರುತ್ತದೆ. ಎಸ್‌ಎಸ್‌ಆರ್‌ಐ ಔಷಧಗಳಲ್ಲಿ ಈ ಅಪಾಯ ಬಹಳ ಕಡಿಮೆ.

ಹೀಗಾಗಿ ಟ್ರೈಸೈಕ್ಲಿಕ್ ಮಾತ್ರೆಗಳು ಮನೆಯಲ್ಲಿದ್ದರೆ ಅವುಗಳನ್ನು ಮನೆಯ ಜವಾಬ್ದಾರಿಯುತ ಸದಸ್ಯರು ಬೀಗದೊಳಗೆ ಇರಿಸಿ, ಹೊತ್ತಿಗೆ ಸರಿಯಾಗಿ ತಾವೇ ಕೊಡುವುದು ಒಳಿತು. ಚಿಕ್ಕ ಮಕ್ಕಳ ಕೈಗೆ ಸಿಕ್ಕರಂತೂ ಅನಾಹುತ ಕಟ್ಟಿಟ್ಟದ್ದು. ಹೆಚ್ಚು ಮಾತ್ರೆ ಸೇವಿಸಿರುವ ಅನುಮಾನ ಬಂದರೆ ಲಕ್ಷಣಗಳಿಗಾಗಿ ಕಾಯದೆ, ಸ್ಟ್ರಿಪ್ಪನ್ನೂ ಜೊತೆಗೊಯ್ದು ತಕ್ಷಣ ಆಸ್ಪತ್ರೆ ಸೇರಬೇಕು.

ಹೊಸದೂ ನಿರಪಾಯಕಾರಿಯಲ್ಲ

ಎಸ್‌ಎಸ್‌ಆರ್‌ಐ ಸುರಕ್ಷಿತ ಎಂದರೆ ತೊಂದರೆಯೇ ಇಲ್ಲವೆಂದು ಅರ್ಥವಲ್ಲ. ಆರಂಭದ ದಿನಗಳಲ್ಲಿ ವಾಕರಿಕೆ, ಭೇದಿ, ತಲೆನೋವು, ಚಡಪಡಿಕೆ, ನಿದ್ರಾಭಂಗ ಕಾಣಿಸಿಕೊಳ್ಳುವುದುಂಟು. ಇವು ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ಲೈಂಗಿಕ ಆಸಕ್ತಿ ಕುಗ್ಗುವುದು ಹಾಗೂ ತೃಪ್ತಿ ದೊರೆಯದಿರುವುದು ಮಾತ್ರ ಚಿಕಿತ್ಸೆ ಇರುವವರೆಗೂ ಮುಂದುವರಿಯಬಹುದು. ಸಂಕೋಚದಿಂದ ಈ ವಿಷಯವನ್ನು ವೈದ್ಯರಿಗೆ ಹೇಳದೆ ಸದ್ದಿಲ್ಲದೇ ಮಾತ್ರೆ ಬಿಡುವವರು ಬಹಳ. ಹೇಳಿದರೆ ಪ್ರಮಾಣ ತಗ್ಗಿಸಲು ಅಥವಾ ಔಷಧ ಬದಲಿಸಲು ಅವಕಾಶವಿದೆ.

ವಯೋವೃದ್ಧರಲ್ಲಿ, ಅದರಲ್ಲೂ ರಕ್ತದೊತ್ತಡಕ್ಕೆಂದು ಮೂತ್ರವರ್ಧಕ ಮಾತ್ರೆ ಸೇವಿಸುವವರಲ್ಲಿ, ಎಸ್‌ಎಸ್‌ಆರ್‌ಐ ಔಷಧಗಳು ರಕ್ತದಲ್ಲಿನ ಸೋಡಿಯಂ ಅಂಶವನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸಬಲ್ಲವು. ಅಜ್ಜ ಅಥವಾ ಅಜ್ಜಿ ಇದ್ದಕ್ಕಿದ್ದಂತೆ ಮಂಕಾಗಿ, ಅಸಂಬದ್ಧವಾಗಿ ಮಾತನಾಡತೊಡಗಿದರೆ ಅದನ್ನು ಮುಪ್ಪಿನ ಮರೆವೆಂದು ತಳ್ಳಿಹಾಕದೆ ರಕ್ತ ಪರೀಕ್ಷೆ ಮಾಡಿಸಬೇಕು. ಆಸ್ಪಿರಿನ್ ಅಥವಾ ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಯ ಜೊತೆ ಸೇವಿಸಿದರೆ ಜಠರದಲ್ಲಿ ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ಸಿಟಲೋಪ್ರಾಮ್ ಹೆಚ್ಚಿನ ಪ್ರಮಾಣದಲ್ಲಿ ಹೃದಯದ ಲಯವನ್ನು ಬಾಧಿಸುವುದರಿಂದ ದಿನಕ್ಕೆ 40 ಮಿಲಿಗ್ರಾಂ ಮೀರಬಾರದೆಂದು ಎಫ್‌ಡಿಎ 2011ರಲ್ಲಿ ಎಚ್ಚರಿಸಿತು.

ಟ್ರಮಡಾಲ್ ಎಂಬ ನೋವು ನಿವಾರಕ, ಲಿನೆಜೊಲಿಡ್ ಎಂಬ ಪ್ರತಿಜೀವಕ ಮೊದಲಾದವುಗಳೊಡನೆ ಬೆರೆತರೆ ಸಿರೊಟೋನಿನ್ ಅತಿಯಾಗಿ ಜ್ವರ, ನಡುಕ, ಸ್ನಾಯುಗಳ ಬಿಗಿತ ಉಂಟಾಗಬಹುದು. ಫ್ಲುಯಾಕ್ಸೆಟಿನ್ ಮತ್ತು ಪ್ಯಾರಾಕ್ಸೆಟಿನ್‌ಗಳು ಟ್ರೈಸೈಕ್ಲಿಕ್ ಔಷಧವನ್ನು ಯಕೃತ್ತು ಕರಗಿಸದಂತೆ ತಡೆದು, ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತವೆ. ಹಳೆಯ ಸ್ಟ್ರಿಪ್ಪಿನ ಮಾತ್ರೆಯನ್ನು ಹೊಸದರ ಜೊತೆ ನುಂಗಬಾರದೆನ್ನುವುದು ಇದಕ್ಕಾಗಿಯೇ. ಸ್ತನ ಕ್ಯಾನ್ಸರ್‌ಗೆ ಟ್ಯಾಮೊಕ್ಸಿಫೆನ್ ಸೇವಿಸುವ ಮಹಿಳೆಯರಿಗೂ ಈ ಎರಡು ಔಷಧಗಳು ಒಗ್ಗುವುದಿಲ್ಲ. ಅವು ಟ್ಯಾಮೊಕ್ಸಿಫೆನ್‌ನ ಪ್ರಭಾವವನ್ನು ಕುಗ್ಗಿಸಬಲ್ಲವು.

ಯುವಜನರ ವಿಷಯದಲ್ಲಿ ಎಚ್ಚರ

ಖಿನ್ನತೆ ನಿವಾರಕಗಳನ್ನು ಆರಂಭಿಸಿದ ಮಕ್ಕಳು ಮತ್ತು ಹದಿಹರೆಯದವರಲ್ಲಿ ಆತ್ಮಹತ್ಯೆಯ ಆಲೋಚನೆಗಳು ಹೆಚ್ಚಬಹುದೆಂದು 2004ರಲ್ಲಿ ಎಫ್‌ಡಿಎ ಕಪ್ಪು ಚೌಕಟ್ಟಿನ ಎಚ್ಚರಿಕೆ ಕಡ್ಡಾಯಗೊಳಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗಿನ ಯುವಕರಿಗೂ ವಿಸ್ತರಿಸಲಾಯಿತು. ಈ ಎಚ್ಚರಿಕೆ ಎರಡೂ ವರ್ಗಗಳಿಗೆ ಅನ್ವಯಿಸುತ್ತದೆ. ಔಷಧ ಕೊಡಲೇಬಾರದು ಎಂಬುದು ಇದರ ಅರ್ಥವಲ್ಲ. ಚಿಕಿತ್ಸೆ ಇಲ್ಲದ ಖಿನ್ನತೆಯೂ ಅಷ್ಟೇ ಅಪಾಯಕಾರಿ. ಮೊದಲ ಕೆಲವು ವಾರಗಳಲ್ಲಿ ಹಾಗೂ ಪ್ರಮಾಣ ಬದಲಿಸಿದಾಗ ಮನೆಯವರು ಕಣ್ಣಿಟ್ಟಿರಬೇಕು. ವಿಪರೀತ ಚಡಪಡಿಕೆ, ಸಿಡುಕು ಕಂಡರೆ ವೈದ್ಯರಿಗೆ ತಿಳಿಸಬೇಕು ಎಂಬುದಷ್ಟೇ ಇದರ ತಾತ್ಪರ್ಯ.

ಹಿಂದೆಂದಾದರೂ ಅತಿಯಾದ ಉತ್ಸಾಹ, ನಿದ್ರೆಯೇ ಬೇಡವೆನಿಸುವ ಹುರುಪು, ಲಂಗುಲಗಾಮಿಲ್ಲದ ಖರ್ಚು ಇದ್ದುದನ್ನು ವೈದ್ಯರಿಂದ ಮುಚ್ಚಿಡಬಾರದು. ಅದು ಬೈಪೋಲಾರ್ ಕಾಯಿಲೆಯ ಸೂಚನೆ ಇರಬಹುದು. ಅಂಥವರಿಗೆ ಖಿನ್ನತೆ ನಿವಾರಕವೊಂದನ್ನೇ ನೀಡಿದರೆ ಮನಸ್ಸು ಉನ್ಮಾದದ ತುದಿಗೆ ಜಿಗಿಯಬಹುದು. ಈ ಅಪಾಯ ಟ್ರೈಸೈಕ್ಲಿಕ್ ಔಷಧಗಳಲ್ಲಿ ಹೆಚ್ಚು.

ಯಾರಿಗೆ ಯಾವುದು?

ವೈದ್ಯರ ಆಯ್ಕೆಯ ಹಿಂದಿನ ತರ್ಕವನ್ನು ಕೆಲವು ಉದಾಹರಣೆಗಳಿಂದ ಅರಿಯಬಹುದು. ಎಪ್ಪತ್ತು ದಾಟಿದ, ಪ್ರಾಸ್ಟೇಟ್ ಊತದಿಂದ ಮೂತ್ರ ವಿಸರ್ಜನೆಗೆ ಕಷ್ಟಪಡುವ ವ್ಯಕ್ತಿಗೆ ಟ್ರೈಸೈಕ್ಲಿಕ್ ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಗ್ಲಾಕೋಮಾ ಇರುವವರಲ್ಲಿ ಕಣ್ಣಿನ ಒತ್ತಡ ಏರಬಹುದು. ಇತ್ತೀಚೆಗೆ ಹೃದಯಾಘಾತಕ್ಕೆ ಒಳಗಾದವರಿಗಂತೂ ಅದು ವರ್ಜ್ಯ. ರಾತ್ರಿ ಎದ್ದಾಗ ತಲೆ ಸುತ್ತಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಭಯವೂ ವೃದ್ಧರಿಗಿದೆ. ಇಂಥವರಿಗೆ ಎಸ್‌ಎಸ್‌ಆರ್‌ಐ ಸಹಜ ಆಯ್ಕೆ. ಹಗಲೆಲ್ಲ ವಾಹನ ಚಲಾಯಿಸುವ ಚಾಲಕನಿಗೆ, ಯಂತ್ರದೆದುರು ನಿಲ್ಲುವ ಕಾರ್ಮಿಕನಿಗೆ ಮಂಪರು ತರುವ ಮಾತ್ರೆ ಸರಿಹೋಗದು.

ಅದೇ, ಮಧುಮೇಹದಿಂದ ಪಾದಗಳು ಉರಿಯುವ, ರಾತ್ರಿಯಿಡೀ ನಿದ್ರೆ ಬಾರದ ಮಧ್ಯವಯಸ್ಕರಿಗೆ ಅಮಿಟ್ರಿಪ್ಟಿಲಿನ್ ಒಂದೇ ಕಲ್ಲಿಗೆ ಎರಡು ಹಣ್ಣು ಉದುರಿಸಬಲ್ಲದು. ನರಗಳ ನೋವನ್ನು ತಗ್ಗಿಸುವ ಗುಣ ಟ್ರೈಸೈಕ್ಲಿಕ್‌ಗಳಿಗಿದೆ. ಎಸ್‌ಎಸ್‌ಆರ್‌ಐಗಳು ಈ ವಿಷಯದಲ್ಲಿ ದುರ್ಬಲ. ಮೈಗ್ರೇನ್ ತಡೆಗೂ ಅಮಿಟ್ರಿಪ್ಟಿಲಿನ್ ಬಳಕೆಯಲ್ಲಿದೆ. ಇಂತಹ ಸಂದರ್ಭಗಳಲ್ಲಿ ಖಿನ್ನತೆಗೆ ನೀಡುವುದಕ್ಕಿಂತ ಬಹಳ ಕಡಿಮೆ ಪ್ರಮಾಣ, ಸಾಮಾನ್ಯವಾಗಿ 10 ಮಿಲಿಗ್ರಾಂನಿಂದ ಆರಂಭಿಸಲಾಗುತ್ತದೆ. ಇಂಟರ್‌ನೆಟ್‌ನಲ್ಲಿ ಹೆಸರು ಹುಡುಕಿ, ತಲೆನೋವಿಗೆ ಹೋದವರಿಗೆ ಹುಚ್ಚಿನ ಮಾತ್ರೆ ಕೊಟ್ಟರೆಂದು ಗಾಬರಿಯಾಗುವ ಅಗತ್ಯವಿಲ್ಲ.

ಗೀಳು ಕಾಯಿಲೆಯಲ್ಲಿ ಎಸ್‌ಎಸ್‌ಆರ್‌ಐಗಳ ಜೊತೆಗೆ ಟ್ರೈಸೈಕ್ಲಿಕ್ ವರ್ಗದ ಕ್ಲೋಮಿಪ್ರಮಿನ್‌ಗೂ ಸ್ಥಾನವಿದೆ. ಗರ್ಭಿಣಿಯರಲ್ಲಿ ಪ್ಯಾರಾಕ್ಸೆಟಿನ್ ಸಾಮಾನ್ಯವಾಗಿ ತಪ್ಪಿಸಲಾಗುತ್ತದೆ. ಹಾಲೂಡಿಸುವ ತಾಯಂದಿರಿಗೆ ಸರ್ಟ್ರಾಲಿನ್ ಆದ್ಯತೆ ಪಡೆಯುತ್ತದೆ. ಗರ್ಭ ನಿಂತಿತೆಂದು ತಿಳಿದೊಡನೆ ತಾವಾಗಿಯೇ ಮಾತ್ರೆ ನಿಲ್ಲಿಸುವುದು ತಾಯಿ ಮಗು ಇಬ್ಬರಿಗೂ ಹಿತವಲ್ಲ. ಮೊದಲು ವೈದ್ಯರನ್ನು ಕಾಣಬೇಕು.

ತಾಳಿದವನು ಬಾಳಿಯಾನು

ಎರಡೂ ವರ್ಗಗಳಿಗೆ ಸಮಾನವಾದ ಸಂಗತಿಯೆಂದರೆ ಕಾಯುವಿಕೆ. ಅಡ್ಡಪರಿಣಾಮ ಮೊದಲ ದಿನವೇ ಬರುತ್ತದೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಈ ನಡುವಿನ ಅವಧಿಯೇ ಚಿಕಿತ್ಸೆಯ ಅತ್ಯಂತ ಕಠಿಣ ಘಟ್ಟ. ಮೊದಲ ಔಷಧದಿಂದಲೇ ಎಲ್ಲರೂ ಪೂರ್ಣ ಗುಣಮುಖರಾಗುವುದಿಲ್ಲ ಎಂಬುದೂ ನಿಜ. 2006ರಲ್ಲಿ ಪ್ರಕಟವಾದ ಅಮೆರಿಕದ ಸ್ಟಾರ್-ಡಿ ಅಧ್ಯಯನದಲ್ಲಿ ಸಿಟಲೋಪ್ರಾಮ್‌ನಿಂದ ರೋಗಲಕ್ಷಣಗಳು ಪೂರ್ತಿ ಇಳಿದದ್ದು ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ. ಹಾಗಾಗಿ ವೈದ್ಯರು ಔಷಧ ಬದಲಿಸಿದರೆ ಅದು ಅವರ ಸೋಲೂ ಅಲ್ಲ, ರೋಗಿಯ ದುರದೃಷ್ಟವೂ ಅಲ್ಲ.

ಗುಣವಾದ ಬಳಿಕವೂ ಕನಿಷ್ಠ ಆರು ತಿಂಗಳು ಮಾತ್ರೆ ಮುಂದುವರಿಸುವುದು ರೂಢಿ. ಬೇಗ ಬಿಟ್ಟರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಬಿಡುವಾಗಲೂ ಹಂತಹಂತವಾಗಿ ಬಿಡಬೇಕು. ಒಮ್ಮೆಲೇ ನಿಲ್ಲಿಸಿದರೆ ತಲೆಸುತ್ತು, ವಾಕರಿಕೆ, ಮೈಯಲ್ಲಿ ವಿದ್ಯುತ್ ಹರಿದಂತಹ ಜುಮ್ಮೆನಿಸುವಿಕೆ, ಕಳವಳ ಕಾಣಿಸುತ್ತವೆ. ಪ್ಯಾರಾಕ್ಸೆಟಿನ್‌ನಲ್ಲಿ ಇದು ಹೆಚ್ಚು. ದೇಹದಲ್ಲಿ ದೀರ್ಘಕಾಲ ಉಳಿಯುವ ಫ್ಲುಯಾಕ್ಸೆಟಿನ್‌ನಲ್ಲಿ ಕಡಿಮೆ.

ಇವು ಚಟ ಹಿಡಿಸುವ ಮಾತ್ರೆಗಳೆಂಬ ಭಯ ಜನರಲ್ಲಿ ವ್ಯಾಪಕ. ನಿಲ್ಲಿಸುವಾಗ ಕಿರಿಕಿರಿಯಾಗುವುದು ನಿಜವಾದರೂ ಮದ್ಯದಂತೆ ದಿನೇದಿನೇ ಹೆಚ್ಚು ಬೇಕೆನಿಸುವ ಹಂಬಲವನ್ನು ಇವು ಉಂಟುಮಾಡುವುದಿಲ್ಲ. ಗೊಂದಲಕ್ಕೆ ಕಾರಣ ಬೇರೆಯೇ ಇದೆ. ಆರಂಭದಲ್ಲಿ ಇವುಗಳ ಜೊತೆಗೆ ಕೆಲವು ದಿನಗಳ ಮಟ್ಟಿಗೆ ಅಲ್‌ಪ್ರಜೊಲಾಮ್ ಅಥವಾ ಕ್ಲೊನಜೆಪಾಮ್ ನೀಡುವುದುಂಟು. ಅವಲಂಬನೆ ತರಬಲ್ಲವು ಆ ಮಾತ್ರೆಗಳು. ವಿಪರ್ಯಾಸವೆಂದರೆ ಹಲವರು ಚೀಟಿಯಲ್ಲಿನ ಖಿನ್ನತೆ ನಿವಾರಕವನ್ನು ಬಿಟ್ಟು, ಕೂಡಲೇ ಹಾಯೆನಿಸುವ ಈ ನಿದ್ರೆ ಮಾತ್ರೆಯನ್ನೇ ವರ್ಷಗಟ್ಟಲೆ ಮುಂದುವರಿಸುತ್ತಾರೆ.

ಬೆಲೆ ಮತ್ತು ಲಭ್ಯತೆ

ಒಂದು ಕಾಲಕ್ಕೆ ಹೊಸ ಔಷಧ ದುಬಾರಿ, ಹಳೆಯದು ಅಗ್ಗ ಎಂಬ ಅಂತರವಿತ್ತು. ಇಂದು ಎರಡೂ ವರ್ಗಗಳಲ್ಲಿ ಜನರಿಕ್ ಮಾತ್ರೆಗಳು ದೊರೆಯುವುದರಿಂದ ಆ ಅಂತರ ಬಹಳ ಮಟ್ಟಿಗೆ ತಗ್ಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಮೊದಲ ಪಟ್ಟಿ 1977ರಲ್ಲಿ ಹೊರಬಂದಾಗಲೇ ಅಮಿಟ್ರಿಪ್ಟಿಲಿನ್ ಅದರಲ್ಲಿತ್ತು. ಫ್ಲುಯಾಕ್ಸೆಟಿನ್ ಸೇರ್ಪಡೆಯಾದದ್ದು 2007ರಲ್ಲಿ. ಭಾರತದ 2022ರ ರಾಷ್ಟ್ರೀಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿ ಅಮಿಟ್ರಿಪ್ಟಿಲಿನ್, ಫ್ಲುಯಾಕ್ಸೆಟಿನ್, ಎಸ್ಸಿಟಲೋಪ್ರಾಮ್ ಮೂರೂ ಇವೆ. ವೈದ್ಯರ ಚೀಟಿ ಇಲ್ಲದೆ ಇವುಗಳನ್ನು ಮಾರುವಂತಿಲ್ಲ.

ಮಾನಸಿಕ ಆರೋಗ್ಯ ಸೇವೆಯನ್ನು ಹಳ್ಳಿಗಳಿಗೆ ಒಯ್ಯುವ ದಾರಿ ತೋರಿದ ರಾಜ್ಯ ಕರ್ನಾಟಕ. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಅಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಮನೋವೈದ್ಯಕೀಯ ವಿಭಾಗಗಳಿವೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಬದುಕೇ ಬೇಡವೆನಿಸಿದ ಗಳಿಗೆಯಲ್ಲಿ, ಅಥವಾ ಮನೆಯವರೊಬ್ಬರ ಬಗ್ಗೆ ಅಂಥ ಆತಂಕ ಮೂಡಿದಾಗ, ಈ ಸಂಖ್ಯೆಗೆ ಕರೆ ಮಾಡಲು ತಡಮಾಡಬಾರದು.

ವೈದ್ಯರನ್ನು ಕೇಳಬೇಕಾದುದೇನು?

ಮಾತ್ರೆ ಆರಂಭಿಸುವ ಮುನ್ನ ರೋಗಿ ಅಥವಾ ಮನೆಯವರು ಕೆಲವು ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬೇಕು. ಇದು ಯಾವ ವರ್ಗದ ಔಷಧ? ತಮಗೆ ಇದನ್ನೇ ಆರಿಸಿದ್ದೇಕೆ? ಯಾವ ತೊಂದರೆ ತಾನಾಗಿ ಹೋಗುತ್ತದೆ, ಯಾವುದಕ್ಕೆ ಕೂಡಲೇ ಬರಬೇಕು? ಗುಣ ಕಾಣಲು ಎಷ್ಟು ದಿನ ಬೇಕು, ಎಷ್ಟು ಕಾಲ ಸೇವಿಸಬೇಕು, ಬಿಡುವುದು ಹೇಗೆ? ಅಂತೆಯೇ ತಾವು ಸೇವಿಸುತ್ತಿರುವ ಬೇರೆಲ್ಲ ಮಾತ್ರೆಗಳನ್ನು, ಆಯುರ್ವೇದದ್ದೂ ಸೇರಿದಂತೆ, ವೈದ್ಯರ ಮುಂದಿಡಬೇಕು. ಹೃದಯ, ಕಣ್ಣು, ಮೂತ್ರಕೋಶದ ತೊಂದರೆಗಳನ್ನೂ ಮದ್ಯಪಾನದ ಅಭ್ಯಾಸವನ್ನೂ ಮುಚ್ಚಿಡದೆ ಹೇಳಬೇಕು. ಒಬ್ಬರಿಗೆ ಒಗ್ಗಿದ ಮಾತ್ರೆ ಇನ್ನೊಬ್ಬರಿಗೆ ಒಗ್ಗಬೇಕೆಂದಿಲ್ಲ. ಆದ್ದರಿಂದ ಮನೆಯಲ್ಲಿ ಉಳಿದಿರುವ ಸ್ಟ್ರಿಪ್ಪುಗಳನ್ನು ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿ, ಅವರು ಬೇಡವೆಂದುದನ್ನು ಮನೆಯಲ್ಲಿ ಇಟ್ಟುಕೊಳ್ಳದಿರುವುದು ಕ್ಷೇಮ.